ಮೋನಿಕಾ ಸೆಲೆಸ್

ಮೋನಿಕಾ ಸೆಲೆಸ್ (ಜನನ: ಡಿಸೆಂಬರ್ 2, 1973) ಅವರು ಮಹಿಳಾ ಟೆನಿಸ್‌ನಲ್ಲಿ ವಿಶ್ವದ ನಂ. 1 ಸ್ಥಾನವನ್ನು ಅಲಂಕರಿಸಿದ್ದ ಮಾಜಿ ವೃತ್ತಿಪರ ಆಟಗಾರ್ತಿ. ಅಂದಿನ ಯುಗೊಸ್ಲಾವಿಯಾದಲ್ಲಿ ಜನಿಸಿದ ಇವರು ಮೊದಲು ಆ ದೇಶವನ್ನು, ಅನಂತರ ಅಮೆರಿಕ ಸಂಯುಕ್ತ ಸಂಸ್ಥಾನವನ್ನು ಪ್ರತಿನಿಧಿಸಿದರು. ಒಟ್ಟು 9 ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಪ್ರಶಸ್ತಿಗಳು ಇವರ ಹೆಸರಿನಲ್ಲಿವೆ. ಅವುಗಳಲ್ಲಿ 8 ಪ್ರಶಸ್ತಿಗಳನ್ನು ಇಪ್ಪತ್ತು ವರ್ಷ ತುಂಬುವ ಮೊದಲೇ ಗೆದ್ದಿದ್ದರು. 1993ರ ಏಪ್ರಿಲ್ 30ರಂದು ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಪಂದ್ಯ ನಡೆಯುತ್ತಿದ್ದಾಗಲೇ ವ್ಯಕ್ತಿಯೊಬ್ಬನು ಅವರ ಬೆನ್ನಿಗೆ ಚಾಕುವಿನಿಂದ ಇರಿದನು. ಆಗ ಅವರ ವಯಸ್ಸು 19. ಆ ಘಟನೆಯ ನಂತರ ಎರಡು ವರ್ಷಗಳಿಗೂ ಹೆಚ್ಚು ಕಾಲ ಆಟದಿಂದ ದೂರ ಉಳಿದ ಸೆಲೆಸ್, 1995ರಲ್ಲಿ ಮರಳಿ ಬಂದು ಇನ್ನೊಂದು ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿಯನ್ನು ಗೆದ್ದರು. ಆದರೆ ಮೊದಲಿನ ಏಕಸ್ವಾಮ್ಯ ಅವರಿಗೆ ಮತ್ತೆ ದೊರೆಯಲಿಲ್ಲ.

ಬಾಲ್ಯ ಮತ್ತು ಆರಂಭಿಕ ತರಬೇತಿ

ಸೆಲೆಸ್ ಅವರ ಜನನ ಇಂದಿನ ಸೆರ್ಬಿಯಾದ ನೋವಿ ಸಾದ್ ನಗರದಲ್ಲಿ, ಹಂಗೇರಿಯನ್ ಭಾಷೆಯನ್ನಾಡುವ ಕುಟುಂಬದಲ್ಲಿ ಆಯಿತು. ತಂದೆ ಕಾರೊಯ್ ಸೆಲೆಸ್ ವೃತ್ತಿಯಿಂದ ವ್ಯಂಗ್ಯಚಿತ್ರಕಾರರು. ತಾಯಿ ಎಸ್ತರ್ ಕಂಪ್ಯೂಟರ್ ಪ್ರೋಗ್ರಾಮರ್ ಆಗಿದ್ದರು. ಅಣ್ಣ ಝೋಲ್ಟಾನ್ ಕೂಡ ಟೆನಿಸ್ ಆಡುತ್ತಿದ್ದ ಕಾರಣ ಮನೆಯಲ್ಲಿ ಆಟದ ವಾತಾವರಣವಿತ್ತು.

ತಂದೆಯೇ ಸೆಲೆಸ್ ಅವರ ಮೊದಲ ಗುರು. ಮನೆಯ ಬಳಿ ಸರಿಯಾದ ಅಂಕಣ ಇಲ್ಲದಿದ್ದುದರಿಂದ ವಾಹನ ನಿಲುಗಡೆಯ ಜಾಗದಲ್ಲಿ ಕಾರುಗಳ ನಡುವೆ ದಾರವನ್ನು ಕಟ್ಟಿ ಅದನ್ನೇ ಬಲೆಯೆಂದು ಭಾವಿಸಿ ಅಭ್ಯಾಸ ಮಾಡಿಸುತ್ತಿದ್ದರು. ಮಗಳಿಗೆ ಬೇಸರವಾಗಬಾರದೆಂದು ಚೆಂಡುಗಳ ಮೇಲೆ ಟಾಮ್ ಮತ್ತು ಜೆರ್ರಿಯ ಚಿತ್ರಗಳನ್ನು ಬರೆದು, ಆ ಇಲಿಯನ್ನು ಹೊಡೆಯುವಂತೆ ಹೇಳುತ್ತಿದ್ದರು. ಚೆಂಡಿನ ಮೇಲೆ ಕಣ್ಣು ನೆಡುವುದನ್ನು ಕಲಿಸಲು ಇದಕ್ಕಿಂತ ಸರಳವಾದ ಉಪಾಯವಿರಲಾರದು. ಒಂಬತ್ತನೆಯ ವಯಸ್ಸಿನಲ್ಲಿ ಯುಗೊಸ್ಲಾವಿಯಾದ ಕಿರಿಯರ ಚಾಂಪಿಯನ್ ಪಟ್ಟವನ್ನು ಗೆದ್ದಾಗ ಟೆನಿಸ್‌ನ ಅಂಕ ಎಣಿಸುವ ಕ್ರಮವೇ ಸೆಲೆಸ್ ಅವರಿಗೆ ಪೂರ್ಣವಾಗಿ ತಿಳಿದಿರಲಿಲ್ಲ. ಈ ಹಂತದಲ್ಲಿ ಯೆಲೆನಾ ಗೆಂಚಿಚ್ ಅವರಿಂದಲೂ ತರಬೇತಿ ದೊರೆಯಿತು. ಮುಂದೆ ನೊವಾಕ್ ಜೊಕೊವಿಚ್ ಅವರನ್ನು ಬಾಲ್ಯದಲ್ಲಿಯೇ ಗುರುತಿಸಿ ಬೆಳೆಸಿದವರೂ ಇದೇ ಗೆಂಚಿಚ್.

1985ರಲ್ಲಿ, 11ನೆಯ ವಯಸ್ಸಿನಲ್ಲಿ, ಅಮೆರಿಕದ ಮಯಾಮಿಯಲ್ಲಿ ನಡೆಯುವ ಕಿರಿಯರ ಆರೆಂಜ್ ಬೌಲ್ ಪಂದ್ಯಾವಳಿಯನ್ನು ಗೆದ್ದ ಸೆಲೆಸ್, ಖ್ಯಾತ ತರಬೇತುದಾರ ನಿಕ್ ಬೊಲೆಟಿಯರಿ ಅವರ ಗಮನವನ್ನು ಸೆಳೆದರು. 1986ರಲ್ಲಿ ಅಣ್ಣನೊಂದಿಗೆ ಫ್ಲಾರಿಡಾಕ್ಕೆ ತೆರಳಿ ಬೊಲೆಟಿಯರಿ ಅಕಾಡೆಮಿಯನ್ನು ಸೇರಿದರು. ಕೆಲವು ತಿಂಗಳುಗಳ ನಂತರ ತಂದೆ-ತಾಯಿಯರೂ ಅಲ್ಲಿಗೆ ಬಂದು ನೆಲೆಸಿದರು. 1990ರಲ್ಲಿ ಅಕಾಡೆಮಿಯ ಸಂಬಂಧ ಕಡಿದುಹೋಗಿ ತಂದೆಯೇ ಮತ್ತೆ ಪೂರ್ಣಾವಧಿ ತರಬೇತುದಾರರಾದರು.

ಆಟದ ಶೈಲಿ

ಸೆಲೆಸ್ ಎಡಗೈ ಆಟಗಾರ್ತಿ. ಬ್ಯಾಕ್‌ಹ್ಯಾಂಡ್ ಹೊಡೆತಕ್ಕೆ ಎರಡೂ ಕೈಗಳನ್ನು ಬಳಸುವವರು ಅನೇಕರಿದ್ದರೂ ಸೆಲೆಸ್ ಫೋರ್‌ಹ್ಯಾಂಡ್ ಹೊಡೆತಕ್ಕೂ ಎರಡು ಕೈಗಳನ್ನು ಬಳಸುತ್ತಿದ್ದರು. ಇದರಿಂದ ಒಂದು ಅನನುಕೂಲವಿದೆ. ಎರಡು ಕೈಗಳಿಂದ ರ‍್ಯಾಕೆಟ್ ಹಿಡಿದಾಗ ದೂರದ ಚೆಂಡನ್ನು ಮುಟ್ಟುವ ವ್ಯಾಪ್ತಿ ಕಡಿಮೆಯಾಗುತ್ತದೆ, ಆದ್ದರಿಂದ ಪ್ರತಿ ಚೆಂಡಿಗೂ ಒಂದು ಹೆಜ್ಜೆ ಹೆಚ್ಚು ಓಡಬೇಕಾಗುತ್ತದೆ. ಸೆಲೆಸ್ ಈ ಕೊರತೆಯನ್ನು ತಮ್ಮದೇ ರೀತಿಯಲ್ಲಿ ತುಂಬಿಕೊಂಡರು. ಚೆಂಡು ನೆಲಕ್ಕೆ ಬಡಿದು ಪೂರ್ಣ ಎತ್ತರಕ್ಕೆ ಏಳುವ ಮೊದಲೇ, ಹಿಂಗೆರೆಯ ಸಮೀಪದಲ್ಲಿ ಅಥವಾ ಅದರ ಒಳಗೆ ನಿಂತು, ಅದನ್ನು ಬಲವಾಗಿ ಬಾರಿಸುತ್ತಿದ್ದರು. ಎದುರಾಳಿಗೆ ತನ್ನ ಸ್ಥಾನಕ್ಕೆ ಮರಳಲು ಬೇಕಾದ ಕ್ಷಣಾರ್ಧದ ಸಮಯವೂ ಇದರಿಂದ ಉಳಿಯುತ್ತಿರಲಿಲ್ಲ. ಎರಡು ಕೈಗಳ ಹಿಡಿತದಿಂದಾಗಿ ಹೊಡೆತ ಯಾವ ದಿಕ್ಕಿಗೆ ಹೋಗಲಿದೆ ಎಂಬುದನ್ನು ಕೊನೆಯ ಗಳಿಗೆಯವರೆಗೆ ಮರೆಮಾಚಲು ಸಾಧ್ಯವಾಗುತ್ತಿತ್ತು. ಅಂಕಣದ ಬದಿಗೆರೆಗಳ ಅಂಚಿಗೆ ಓರೆಯಾಗಿ ಹೋಗುವ ಹೊಡೆತಗಳು ಅವರ ವಿಶೇಷ.

ಇಂತಹ ಆಟಕ್ಕೆ ಆವೆಮಣ್ಣಿನ ಅಂಕಣ ಮತ್ತು ಗಡಸು ಅಂಕಣಗಳು ಹೊಂದಿದವು. ಚೆಂಡು ತಗ್ಗಾಗಿ ಜಾರುವ ಹುಲ್ಲಿನ ಅಂಕಣದಲ್ಲಿ ಅವರು ಅಷ್ಟು ಯಶಸ್ವಿಯಾಗಲಿಲ್ಲ. ನಾಲ್ಕು ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ ವಿಂಬಲ್ಡನ್ ಒಂದನ್ನು ಮಾತ್ರ ಸೆಲೆಸ್ ಗೆಲ್ಲಲಿಲ್ಲ.

ಪ್ರತಿ ಹೊಡೆತದ ಜೊತೆಗೆ ಅವರು ಹೊರಡಿಸುತ್ತಿದ್ದ ಎರಡು ಸ್ವರಗಳ ಗಟ್ಟಿಯಾದ ಕೂಗು ಆ ಕಾಲದಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. 1992ರ ವಿಂಬಲ್ಡನ್‌ನಲ್ಲಿ ಫ್ರಾನ್ಸಿನ ನತಾಲಿ ತೋಝಿಯಾ, ಬಳಿಕ ಸೆಮಿಫೈನಲ್‌ನಲ್ಲಿ ಮಾರ್ಟಿನಾ ನವ್ರಾಟಿಲೋವಾ ಈ ಬಗ್ಗೆ ಅಂಪೈರ್‌ಗೆ ದೂರಿತ್ತರು. ರ‍್ಯಾಕೆಟ್‌ಗೆ ಚೆಂಡು ತಗಲುವ ಶಬ್ದ ಕೇಳಿಸುವುದಿಲ್ಲ ಎಂಬುದು ಇಂತಹ ದೂರುಗಳ ಮುಖ್ಯ ವಾದ. ಅಂತಿಮ ಪಂದ್ಯದಲ್ಲಿ ಸೆಲೆಸ್ ಬಹುಮಟ್ಟಿಗೆ ಮೌನವಾಗಿಯೇ ಆಡಿ ಸ್ಟೆಫಿ ಗ್ರಾಫ್ ಅವರಿಗೆ 2-6, 1-6ರಿಂದ ಸೋತರು. ಇಂದಿನ ಮಹಿಳಾ ಟೆನಿಸ್ ನೋಡುವವರಿಗೆ ಈ ವಿವಾದ ವಿಚಿತ್ರವೆನಿಸಬಹುದು. ಏಕೆಂದರೆ ಮುಂದಿನ ತಲೆಮಾರಿನ ಹಲವು ಆಟಗಾರ್ತಿಯರ ಕೂಗು ಸೆಲೆಸ್ ಅವರ ಕೂಗಿಗಿಂತ ಕಡಿಮೆಯೇನಲ್ಲ.

ಉತ್ಕರ್ಷದ ವರ್ಷಗಳು: 1989ರಿಂದ 1993

1989ರ ಫೆಬ್ರವರಿಯಲ್ಲಿ, 15ನೆಯ ವಯಸ್ಸಿನಲ್ಲಿ ಸೆಲೆಸ್ ಪೂರ್ಣಾವಧಿ ವೃತ್ತಿಪರ ಆಟಕ್ಕೆ ಇಳಿದರು. ಅದೇ ವರ್ಷದ ಮೇ ತಿಂಗಳಲ್ಲಿ ಹ್ಯೂಸ್ಟನ್ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಕ್ರಿಸ್ ಎವರ್ಟ್ ಅವರನ್ನು ಸೋಲಿಸಿ ಮೊದಲ ಪ್ರಶಸ್ತಿಯನ್ನು ಗೆದ್ದರು. ಒಂದು ತಿಂಗಳ ನಂತರ ತಮ್ಮ ಮೊತ್ತಮೊದಲ ಫ್ರೆಂಚ್ ಓಪನ್‌ನಲ್ಲಿ ಸೆಮಿಫೈನಲ್ ತಲುಪಿ, ಅಂದಿನ ನಂ. 1 ಆಟಗಾರ್ತಿ ಸ್ಟೆಫಿ ಗ್ರಾಫ್ ಅವರೊಂದಿಗೆ ಮೂರು ಸೆಟ್‌ಗಳ ಹೋರಾಟ ನಡೆಸಿದರು. ಅದೇ ವರ್ಷದ ಅಮೆರಿಕನ್ ಓಪನ್‌ನಲ್ಲಿ ಎವರ್ಟ್ ಅವರು 6-0, 6-2ರಿಂದ ಸೇಡು ತೀರಿಸಿಕೊಂಡರು. ನಿವೃತ್ತಿಯ ಅಂಚಿನಲ್ಲಿದ್ದ ಎವರ್ಟ್ ಅವರಿಗೆ ಆ ಪಂದ್ಯಾವಳಿಯಲ್ಲಿ ಅದೇ ಕೊನೆಯ ಗೆಲುವು.

1990ರಲ್ಲಿ ಸೆಲೆಸ್ ಸತತ 36 ಪಂದ್ಯಗಳನ್ನು ಗೆದ್ದರು. ಬರ್ಲಿನ್‌ನಲ್ಲಿ ನಡೆದ ಜರ್ಮನ್ ಓಪನ್‌ನ ಅಂತಿಮ ಪಂದ್ಯದಲ್ಲಿ ಗ್ರಾಫ್ ಅವರನ್ನು ಸೋಲಿಸಿ ಅವರ ಸತತ 66 ಗೆಲುವುಗಳ ಸರಪಳಿಯನ್ನು ಮುರಿದರು. ಫ್ರೆಂಚ್ ಓಪನ್‌ನ ಅಂತಿಮ ಪಂದ್ಯದಲ್ಲಿಯೂ ಎದುರಾದವರು ಗ್ರಾಫ್ ಅವರೇ. ಮೊದಲ ಸೆಟ್‌ನ ಟೈಬ್ರೇಕರ್‌ನಲ್ಲಿ ಸೆಲೆಸ್ 2-6ರಿಂದ ಹಿಂದಿದ್ದರು. ಅಂದರೆ ಗ್ರಾಫ್ ಅವರಿಗೆ ಸೆಟ್ ಗೆಲ್ಲಲು ನಾಲ್ಕು ಅವಕಾಶಗಳಿದ್ದವು. ಅಲ್ಲಿಂದ ಸತತ ಆರು ಅಂಕಗಳನ್ನು ಗಳಿಸಿದ ಸೆಲೆಸ್ ಸೆಟ್ಟನ್ನು ತಮ್ಮದಾಗಿಸಿಕೊಂಡು, ಪಂದ್ಯವನ್ನು 7-6, 6-4ರಿಂದ ಗೆದ್ದರು. 16 ವರ್ಷ 6 ತಿಂಗಳ ವಯಸ್ಸಿನ ಅವರು ಫ್ರೆಂಚ್ ಓಪನ್ ಗೆದ್ದ ಅತ್ಯಂತ ಕಿರಿಯ ಆಟಗಾರ್ತಿಯೆನಿಸಿದರು. ಆ ವರ್ಷದ ವಿಂಬಲ್ಡನ್ ಕ್ವಾರ್ಟರ್‌ಫೈನಲ್‌ನಲ್ಲಿ ಝೀನಾ ಗ್ಯಾರಿಸನ್ ಅವರಿಗೆ ಮೂರನೆಯ ಸೆಟ್‌ನಲ್ಲಿ 7-9ರಿಂದ ಸೋಲುವುದರೊಂದಿಗೆ ಗೆಲುವಿನ ಓಟ ನಿಂತಿತು.

ವರ್ಷಾಂತ್ಯದ ಚಾಂಪಿಯನ್‌ಶಿಪ್‌ನ ಫೈನಲ್‌ನಲ್ಲಿ ಗೇಬ್ರಿಯೆಲಾ ಸಬಾಟಿನಿ ಅವರನ್ನು ಸೆಲೆಸ್ ಐದು ಸೆಟ್‌ಗಳಲ್ಲಿ ಸೋಲಿಸಿದರು. ಮಹಿಳೆಯರ ಪಂದ್ಯವೊಂದು ಐದು ಸೆಟ್‌ಗಳವರೆಗೆ ಸಾಗಿದ್ದು 1901ರ ಅಮೆರಿಕನ್ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಂತರ ಅದೇ ಮೊದಲು. ಸಾಮಾನ್ಯವಾಗಿ ಮಹಿಳೆಯರ ಪಂದ್ಯಗಳು ಮೂರು ಸೆಟ್‌ಗಳಿಗೆ ಸೀಮಿತವಾಗಿದ್ದು, ಈ ಒಂದು ಪಂದ್ಯಾವಳಿಯ ಅಂತಿಮ ಪಂದ್ಯಕ್ಕೆ ಮಾತ್ರ ಆ ಕಾಲದಲ್ಲಿ ಐದು ಸೆಟ್‌ಗಳ ನಿಯಮವಿತ್ತು.

1991ರ ಜನವರಿಯಲ್ಲಿ ಯಾನಾ ನೊವೊಟ್ನಾ ಅವರನ್ನು ಸೋಲಿಸಿ ಆಸ್ಟ್ರೇಲಿಯನ್ ಓಪನ್ ಗೆದ್ದ ಸೆಲೆಸ್, ಮಾರ್ಚ್ 11ರಂದು ವಿಶ್ವದ ನಂ. 1 ಸ್ಥಾನಕ್ಕೇರಿದರು. ಅಲ್ಲಿಯವರೆಗೆ ಗ್ರಾಫ್ ಆ ಸ್ಥಾನವನ್ನು ಸತತ 186 ವಾರಗಳ ಕಾಲ ಹಿಡಿದಿಟ್ಟುಕೊಂಡಿದ್ದರು. ಫ್ರೆಂಚ್ ಓಪನ್‌ನಲ್ಲಿ ಅರಾಂಚಾ ಸಾಂಚೆಝ್ ವಿಕಾರಿಯೊ ಅವರನ್ನೂ ಅಮೆರಿಕನ್ ಓಪನ್‌ನಲ್ಲಿ ನವ್ರಾಟಿಲೋವಾ ಅವರನ್ನೂ ಸೋಲಿಸಿ ವರ್ಷದ ಮೂರು ಗ್ರ್ಯಾಂಡ್ ಸ್ಲಾಮ್‌ಗಳನ್ನು ಪಡೆದರು. ಕಾಲಿನ ಮೂಳೆಯ ನೋವಿನಿಂದಾಗಿ ಆ ವರ್ಷ ವಿಂಬಲ್ಡನ್‌ನಲ್ಲಿ ಆಡಲಿಲ್ಲ. ಹಿಂದೆ ಸರಿದ ಕಾರಣವನ್ನು ತಕ್ಷಣ ಸ್ಪಷ್ಟವಾಗಿ ತಿಳಿಸದೆ ಇದ್ದುದರಿಂದ ಪತ್ರಿಕೆಗಳಲ್ಲಿ ನಾನಾ ಊಹಾಪೋಹಗಳು ಹರಡಿದವು.

1992ರಲ್ಲಿ ಇದೇ ಸಾಧನೆ ಪುನರಾವರ್ತನೆಯಾಯಿತು. ಆಸ್ಟ್ರೇಲಿಯಾದಲ್ಲಿ ಮೇರಿ ಜೋ ಫೆರ್ನಾಂಡಿಸ್, ಫ್ರಾನ್ಸಿನಲ್ಲಿ ಗ್ರಾಫ್, ಅಮೆರಿಕದಲ್ಲಿ ಸಾಂಚೆಝ್ ವಿಕಾರಿಯೊ ಅವರ ವಿರುದ್ಧ ಸೆಲೆಸ್ ಅಂತಿಮ ಪಂದ್ಯಗಳನ್ನು ಗೆದ್ದರು. ಇವುಗಳಲ್ಲಿ ಗ್ರಾಫ್ ವಿರುದ್ಧದ ಫ್ರೆಂಚ್ ಓಪನ್ ಫೈನಲ್ ಮಹಿಳಾ ಟೆನಿಸ್‌ನ ಶ್ರೇಷ್ಠ ಪಂದ್ಯಗಳ ಸಾಲಿಗೆ ಸೇರುತ್ತದೆ. 6-2, 3-6, 10-8ರ ಆ ಗೆಲುವಿನೊಂದಿಗೆ ಸತತ ಮೂರು ಬಾರಿ ಫ್ರೆಂಚ್ ಪ್ರಶಸ್ತಿ ಪಡೆದ ಸಾಧನೆ ಸೆಲೆಸ್ ಅವರದಾಯಿತು. ಅದಕ್ಕೂ ಮೊದಲು ಹಾಗೆ ಗೆದ್ದವರು 1935ರಿಂದ 1937ರ ಅವಧಿಯ ಹಿಲ್ಡೆ ಸ್ಪೆರ್ಲಿಂಗ್. 1993ರ ಆಸ್ಟ್ರೇಲಿಯನ್ ಓಪನ್‌ನ ಅಂತಿಮ ಪಂದ್ಯದಲ್ಲಿ ಮೊದಲ ಸೆಟ್ ಸೋತ ನಂತರವೂ ಗ್ರಾಫ್ ಅವರನ್ನು 4-6, 6-3, 6-2ರಿಂದ ಮಣಿಸಿದರು.

ಈ ಅವಧಿಯ ಅಂಕಿ-ಅಂಶಗಳು ಗಮನಾರ್ಹವಾಗಿವೆ. 1991ರ ಜನವರಿಯಿಂದ 1993ರ ಫೆಬ್ರವರಿಯವರೆಗೆ ಆಡಿದ 34 ಪಂದ್ಯಾವಳಿಗಳಲ್ಲಿ 33ರಲ್ಲಿ ಸೆಲೆಸ್ ಅಂತಿಮ ಪಂದ್ಯವನ್ನು ತಲುಪಿ 22 ಪ್ರಶಸ್ತಿಗಳನ್ನು ಗೆದ್ದರು. ಇದೇ ಅವಧಿಯ ಗ್ರ್ಯಾಂಡ್ ಸ್ಲಾಮ್ ಪಂದ್ಯಗಳಲ್ಲಿ ಅವರು ಸೋತದ್ದು ಒಂದೇ ಒಂದು ಬಾರಿ, ಮೇಲೆ ಹೇಳಿದ 1992ರ ವಿಂಬಲ್ಡನ್ ಫೈನಲ್‌ನಲ್ಲಿ.

ಹ್ಯಾಂಬರ್ಗ್ ದಾಳಿ

1993ರ ಫೆಬ್ರವರಿಯ ನಂತರ ವೈರಾಣು ಸೋಂಕಿನಿಂದ ಸುಮಾರು ಎರಡು ತಿಂಗಳು ವಿಶ್ರಾಂತಿ ಪಡೆದಿದ್ದ ಸೆಲೆಸ್, ಫ್ರೆಂಚ್ ಓಪನ್‌ನ ಸಿದ್ಧತೆಗಾಗಿ ಹ್ಯಾಂಬರ್ಗ್‌ನ ರೋಥೆನ್‌ಬಾಮ್ ಅಂಕಣದಲ್ಲಿ ಆಡಲು ಬಂದಿದ್ದರು. ಏಪ್ರಿಲ್ 30ರಂದು ಬಲ್ಗೇರಿಯಾದ ಮ್ಯಾಗ್ಡಲೀನಾ ಮಲೀವಾ ವಿರುದ್ಧದ ಕ್ವಾರ್ಟರ್‌ಫೈನಲ್‌ನಲ್ಲಿ 6-4, 4-3ರಿಂದ ಮುಂದಿದ್ದರು. ಟೆನಿಸ್‌ನಲ್ಲಿ ಬೆಸ ಸಂಖ್ಯೆಯ ಗೇಮ್‌ಗಳ ನಂತರ ಆಟಗಾರರು ಬದಿ ಬದಲಿಸುವಾಗ ಅಂಕಣದ ಪಕ್ಕದ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳುವುದು ರೂಢಿ. ಆಗ ಅವರ ಬೆನ್ನು ಪ್ರೇಕ್ಷಕರ ಕಡೆಗಿರುತ್ತದೆ. ಹಾಗೆ ಕುಳಿತಿದ್ದ ಸೆಲೆಸ್ ಅವರ ಹಿಂದೆ ಬಂದ ಗುಂಟರ್ ಪಾರ್ಖೆ ಎಂಬ 38 ವರ್ಷದ ನಿರುದ್ಯೋಗಿ, ತಡೆಗೋಡೆಯ ಮೇಲಿಂದ ಬಗ್ಗಿ ಎರಡು ಭುಜಗಳ ನಡುವೆ ಚಾಕುವಿನಿಂದ ಇರಿದನು. ಎರಡನೆಯ ಬಾರಿ ಇರಿಯುವ ಮೊದಲೇ ಅವನನ್ನು ಹಿಡಿಯಲಾಯಿತು. ಗಾಯದ ಆಳ ಸುಮಾರು 1.5 ಸೆಂಟಿಮೀಟರ್. ಬೆನ್ನುಹುರಿಗೆ ಪೆಟ್ಟಾಗಲಿಲ್ಲ.

ಪಾರ್ಖೆ ಸ್ಟೆಫಿ ಗ್ರಾಫ್ ಅವರ ಅತಿರೇಕದ ಅಭಿಮಾನಿಯಾಗಿದ್ದನು. ಸೆಲೆಸ್ ಅವರನ್ನು ಕೊಲ್ಲುವ ಉದ್ದೇಶವಿರಲಿಲ್ಲವೆಂದೂ, ಅವರು ಆಡದಂತಾದರೆ ಗ್ರಾಫ್ ಮತ್ತೆ ನಂ. 1 ಆಗುವರೆಂದು ಹೀಗೆ ಮಾಡಿದೆನೆಂದೂ ತಿಳಿಸಿದನು. ಯುಗೊಸ್ಲಾವಿಯಾದಲ್ಲಿ ಆಗ ನಡೆಯುತ್ತಿದ್ದ ಯುದ್ಧದ ಹಿನ್ನೆಲೆಯಲ್ಲಿ ದಾಳಿಗೆ ರಾಜಕೀಯ ಕಾರಣವಿರಬಹುದೆಂಬ ಶಂಕೆ ಮೊದಲು ಮೂಡಿತ್ತಾದರೂ ಅದಕ್ಕೆ ಆಧಾರ ದೊರೆಯಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ನ್ಯಾಯಾಲಯವು ದೈಹಿಕ ಹಾನಿಯುಂಟುಮಾಡಿದ ಅಪರಾಧಕ್ಕಾಗಿ ಅವನಿಗೆ ಎರಡು ವರ್ಷಗಳ ಅಮಾನತು ಶಿಕ್ಷೆಯನ್ನು ವಿಧಿಸಿತು. ಅವನ ಮಾನಸಿಕ ಸ್ಥಿತಿಯನ್ನು ಪರಿಗಣಿಸಿ ಈ ತೀರ್ಪು ನೀಡಲಾಗಿತ್ತು. ಅಮಾನತು ಶಿಕ್ಷೆಯೆಂದರೆ ಷರತ್ತುಗಳನ್ನು ಮೀರದಿದ್ದಲ್ಲಿ ಅಪರಾಧಿ ಸೆರೆಮನೆಗೆ ಹೋಗಬೇಕಾಗಿಲ್ಲ. ಮೇಲ್ಮನವಿಯಲ್ಲಿ, 1995ರಲ್ಲಿ, ಇದೇ ಶಿಕ್ಷೆಯನ್ನು ಎತ್ತಿಹಿಡಿಯಲಾಯಿತು. ಸೆಲೆಸ್ ಇನ್ನು ಮುಂದೆ ಜರ್ಮನಿಯಲ್ಲಿ ಆಡುವುದಿಲ್ಲವೆಂದು ಘೋಷಿಸಿದರು ಮತ್ತು ಕೊನೆಯವರೆಗೂ ಆ ಮಾತಿಗೆ ಬದ್ಧರಾಗಿದ್ದರು.

ಸೆಲೆಸ್ ಅವರನ್ನು ನೋಯಿಸಿದ ಇನ್ನೆರಡು ಸಂಗತಿಗಳು ಕ್ರೀಡಾ ಆಡಳಿತಕ್ಕೆ ಸಂಬಂಧಿಸಿದವು. ಒಂದು, ದಾಳಿಯ ನಂತರವೂ ಹ್ಯಾಂಬರ್ಗ್ ಪಂದ್ಯಾವಳಿಯನ್ನು ನಿಲ್ಲಿಸದೆ ಮುಂದುವರಿಸಲಾಯಿತು. ಇನ್ನೊಂದು, ಶ್ರೇಯಾಂಕದ ಪ್ರಶ್ನೆ. ಟೆನಿಸ್ ಶ್ರೇಯಾಂಕವು ಹಿಂದಿನ 52 ವಾರಗಳ ಫಲಿತಾಂಶಗಳನ್ನು ಆಧರಿಸಿರುವುದರಿಂದ ಆಡದೆ ಕುಳಿತವರ ಅಂಕಗಳು ವಾರವಾರವೂ ಕರಗುತ್ತವೆ. ಸೆಲೆಸ್ ಮರಳುವವರೆಗೆ ಅವರ ನಂ. 1 ಸ್ಥಾನವನ್ನು ಕಾಯ್ದಿರಿಸಬೇಕೇ ಎಂಬ ವಿಷಯ ಆ ಬಳಿಕ ರೋಮ್‌ನಲ್ಲಿ ಸೇರಿದ ಅಗ್ರ ಆಟಗಾರ್ತಿಯರ ಮುಂದೆ ಬಂದಿತು. ಸಬಾಟಿನಿ ಮತ ಚಲಾಯಿಸದೆ ಉಳಿದರು. ಉಳಿದವರು ವಿರುದ್ಧವಾಗಿ ಮತ ನೀಡಿದರು. ಶ್ರೇಯಾಂಕಕ್ಕೂ ಜಾಹೀರಾತು ಒಪ್ಪಂದಗಳಿಗೂ ನೇರ ಸಂಬಂಧವಿದ್ದ ಕಾರಣ ಒಬ್ಬರ ಸ್ಥಾನವನ್ನು ಕಾಯ್ದಿರಿಸಿದರೆ ಇತರರಿಗೆ ನಷ್ಟವೆಂಬ ಲೆಕ್ಕಾಚಾರ ಇದರ ಹಿಂದೆ ಇತ್ತೆಂದು ತಿಳಿಯಬಹುದು. ಆದರೂ ಸಹ ಆಟಗಾರ್ತಿಯೊಬ್ಬರು ಆಸ್ಪತ್ರೆಯಿಂದ ಹೊರಬಂದ ಹೊಸತರಲ್ಲಿಯೇ ನಡೆದ ಈ ಮತದಾನವು ಟೆನಿಸ್ ಇತಿಹಾಸದ ಹೆಮ್ಮೆಪಡುವಂತಹ ಪುಟವಲ್ಲ. ಜೂನ್ 7ರಂದು ಗ್ರಾಫ್ ಮತ್ತೆ ನಂ. 1 ಆದರು. ಅಂದರೆ ಪಾರ್ಖೆ ಬಯಸಿದ್ದು ಆರು ವಾರಗಳೊಳಗೆ ನೆರವೇರಿತು. ಗ್ರಾಫ್ ಅವರು ಸ್ವತಃ ಆಸ್ಪತ್ರೆಗೆ ಬಂದು ಸೆಲೆಸ್ ಅವರನ್ನು ಕಂಡಿದ್ದರು. ದಾಳಿಯಲ್ಲಿ ಅವರ ತಪ್ಪೇನೂ ಇರಲಿಲ್ಲ. ಆದರೂ ಆ ವರ್ಷದ ಉಳಿದ ಮೂರು ಗ್ರ್ಯಾಂಡ್ ಸ್ಲಾಮ್ ಹಾಗೂ 1994ರ ಆಸ್ಟ್ರೇಲಿಯನ್ ಓಪನ್ ಪ್ರಶಸ್ತಿಗಳನ್ನು ಗ್ರಾಫ್ ಗೆದ್ದಾಗ, ಸೆಲೆಸ್ ಇದ್ದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಅವರನ್ನೂ ಬಿಡಲಿಲ್ಲ.

ದೇಹದ ಗಾಯ ಕೆಲವು ವಾರಗಳಲ್ಲಿ ಮಾಗಿತು. ಮನಸ್ಸಿನ ಗಾಯಕ್ಕೆ ಹೆಚ್ಚು ಕಾಲ ಬೇಕಾಯಿತು. ದುಃಸ್ವಪ್ನ, ಖಿನ್ನತೆ ಮತ್ತು ಅತಿಯಾಗಿ ತಿನ್ನುವ ತೊಂದರೆಯಿಂದ ಬಳಲಿದುದನ್ನು ಸೆಲೆಸ್ ಮುಂದೆ ತಮ್ಮ ಆತ್ಮಕಥನಗಳಲ್ಲಿ ಬಿಚ್ಚುಮನಸ್ಸಿನಿಂದ ಬರೆದಿದ್ದಾರೆ. ಇದೇ ಕಾಲದಲ್ಲಿ ತಂದೆಗೆ ಕ್ಯಾನ್ಸರ್ ಇರುವುದು ಪತ್ತೆಯಾಯಿತು. 1994ರಲ್ಲಿ ಸೆಲೆಸ್ ಅಮೆರಿಕದ ಪೌರತ್ವವನ್ನು ಪಡೆದರು.

ಪುನರಾಗಮನ

1995ರ ಜುಲೈ 29ರಂದು ಅಟ್ಲಾಂಟಿಕ್ ಸಿಟಿಯಲ್ಲಿ ನವ್ರಾಟಿಲೋವಾ ಅವರೊಂದಿಗೆ ಆಡಿದ ಪ್ರದರ್ಶನ ಪಂದ್ಯದ ಮೂಲಕ ಸೆಲೆಸ್ ಅಂಕಣಕ್ಕೆ ಮರಳಿದರು. ಈ ವೇಳೆಗೆ ಮಹಿಳಾ ಟೆನಿಸ್ ಸಂಸ್ಥೆಯಲ್ಲಿ ಆಟಗಾರ್ತಿಯರ ಪರವಾಗಿ ನವ್ರಾಟಿಲೋವಾ ಮಾಡಿದ ಪ್ರಯತ್ನದ ಫಲವಾಗಿ, ಗ್ರಾಫ್ ಅವರೊಂದಿಗೆ ಸೆಲೆಸ್ ಅವರಿಗೂ ಜಂಟಿಯಾಗಿ ನಂ. 1 ಸ್ಥಾನವನ್ನು ನೀಡಲು ಒಪ್ಪಲಾಗಿತ್ತು. ಈ ಜಂಟಿ ಸ್ಥಾನ 1996ರ ನವೆಂಬರ್‌ವರೆಗೆ ಮುಂದುವರಿಯಿತು.

ಆಗಸ್ಟ್‌ನಲ್ಲಿ ಟೊರಾಂಟೊದಲ್ಲಿ ನಡೆದ ಕೆನಡಿಯನ್ ಓಪನ್ ಅವರ ಮೊದಲ ಅಧಿಕೃತ ಪಂದ್ಯಾವಳಿ. ಒಂದೂ ಸೆಟ್ ಸೋಲದೆ ಅಂತಿಮ ಪಂದ್ಯ ತಲುಪಿ, ಅಲ್ಲಿ ಅಮಾಂಡಾ ಕುಟ್ಸರ್ ಅವರನ್ನು 6-0, 6-1ರಿಂದ ಸೋಲಿಸಿದರು. ಅದಾದ ಕೆಲವೇ ವಾರಗಳಲ್ಲಿ ಅಮೆರಿಕನ್ ಓಪನ್‌ನ ಅಂತಿಮ ಪಂದ್ಯದಲ್ಲಿ ಸೆಲೆಸ್ ಮತ್ತು ಗ್ರಾಫ್ ಮುಖಾಮುಖಿಯಾದರು. ಮೊದಲ ಸೆಟ್‌ನ ಟೈಬ್ರೇಕರ್‌ನಲ್ಲಿ 6-5ರಿಂದ ಮುಂದಿದ್ದಾಗ ಸೆಲೆಸ್ ಮಾಡಿದ ಸರ್ವ್ ಏಸ್ ಎಂದೇ ತೋರಿತು. ಸೆಟ್ ಗೆದ್ದೆನೆಂದು ಅವರು ತಮ್ಮ ಕುರ್ಚಿಯ ಕಡೆ ಹೊರಡಲು ಅಣಿಯಾದರು. ಆದರೆ ಚೆಂಡು ಗೆರೆಯಿಂದ ಕೂದಲೆಳೆಯಷ್ಟು ಹೊರಗೆ ಬಿದ್ದಿದೆಯೆಂದು ತೀರ್ಪು ಬಂದಿತು. ಸೆಟ್ ಗ್ರಾಫ್ ಪಾಲಾಯಿತು. ಎರಡನೆಯ ಸೆಟ್ಟನ್ನು ಸೆಲೆಸ್ 6-0ಯಿಂದ ಗೆದ್ದರೂ ಪಂದ್ಯವನ್ನು 6-7, 6-0, 3-6ರಿಂದ ಕಳೆದುಕೊಂಡರು.

1996ರ ಆಸ್ಟ್ರೇಲಿಯನ್ ಓಪನ್ ಅವರ ಒಂಬತ್ತನೆಯ ಹಾಗೂ ಕೊನೆಯ ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ. ಸೆಮಿಫೈನಲ್‌ನಲ್ಲಿ ಚಂಡಾ ರೂಬಿನ್ ಮೂರನೆಯ ಸೆಟ್‌ನಲ್ಲಿ 5-2ರಿಂದ ಮುಂದಿದ್ದರು. ಅಲ್ಲಿಂದ ಸತತ ಐದು ಗೇಮ್ ಗೆದ್ದು ಪಾರಾದ ಸೆಲೆಸ್, ಫೈನಲ್‌ನಲ್ಲಿ ಜರ್ಮನಿಯ ಆಂಕೆ ಹ್ಯೂಬರ್ ಅವರನ್ನು 6-4, 6-1ರಿಂದ ಸೋಲಿಸಿದರು. ಅದೇ ವರ್ಷ ಅಮೆರಿಕನ್ ಓಪನ್ ಫೈನಲ್‌ನಲ್ಲಿ ಮತ್ತೆ ಗ್ರಾಫ್ ಅವರಿಗೆ ಶರಣಾದರು. ಇವರಿಬ್ಬರ ನಡುವಿನ ಒಟ್ಟು 15 ಪಂದ್ಯಗಳಲ್ಲಿ ಗ್ರಾಫ್ 10ನ್ನೂ ಸೆಲೆಸ್ 5ನ್ನೂ ಗೆದ್ದಿದ್ದಾರೆ. ಆದರೆ ಎದುರಾದ ಆರು ಗ್ರ್ಯಾಂಡ್ ಸ್ಲಾಮ್ ಅಂತಿಮ ಪಂದ್ಯಗಳಲ್ಲಿ ಇಬ್ಬರಿಗೂ ತಲಾ ಮೂರು ಗೆಲುವುಗಳಿವೆ. ದಾಳಿಗೆ ಮೊದಲಿನ ನಾಲ್ಕರಲ್ಲಿ ಸೆಲೆಸ್ ಮೂರನ್ನು ಗೆದ್ದಿದ್ದರು. ದಾಳಿಯ ನಂತರದ ಎರಡನ್ನೂ ಸೋತರು.

1998ರ ಮೇ ತಿಂಗಳಲ್ಲಿ ತಂದೆ ಕಾರೊಯ್ ನಿಧನರಾದರು. ಕೆಲವೇ ದಿನಗಳಲ್ಲಿ ಆರಂಭವಾದ ಫ್ರೆಂಚ್ ಓಪನ್‌ನಲ್ಲಿ ಸೆಲೆಸ್ ತಂದೆಯ ಉಂಗುರವನ್ನು ಸರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡು ಆಡಿದರು. ಸೆಮಿಫೈನಲ್‌ನಲ್ಲಿ ಅಂದಿನ ನಂ. 1 ಮಾರ್ಟಿನಾ ಹಿಂಗಿಸ್ ಅವರನ್ನು 6-3, 6-2ರಿಂದ ಸೋಲಿಸಿ ಅಂತಿಮ ಪಂದ್ಯಕ್ಕೇರಿದರು. ಅಲ್ಲಿ ಸಾಂಚೆಝ್ ವಿಕಾರಿಯೊ ಅವರಿಗೆ ಮೂರು ಸೆಟ್‌ಗಳಲ್ಲಿ ಸೋತರು. ಇದು ಅವರ ಕೊನೆಯ ಗ್ರ್ಯಾಂಡ್ ಸ್ಲಾಮ್ ಫೈನಲ್.

ಮುಂದಿನ ವರ್ಷಗಳಲ್ಲಿ ಹಿಂಗಿಸ್, ಲಿಂಡ್ಸೆ ಡೆವನ್‌ಪೋರ್ಟ್, ವೀನಸ್ ಮತ್ತು ಸೆರೆನಾ ವಿಲಿಯಮ್ಸ್ ಅವರ ಪೀಳಿಗೆ ಮುಂಚೂಣಿಗೆ ಬಂದಿತು. ಸೆಲೆಸ್ ಅಗ್ರ ಹತ್ತರ ಆಸುಪಾಸಿನಲ್ಲಿ ಉಳಿದರಾದರೂ ದೊಡ್ಡ ಪ್ರಶಸ್ತಿಗಳು ಕೈಗೆ ಸಿಗಲಿಲ್ಲ. 1999ರ ಆಸ್ಟ್ರೇಲಿಯನ್ ಓಪನ್ ಸೆಮಿಫೈನಲ್‌ನಲ್ಲಿ ಹಿಂಗಿಸ್ ಅವರಿಗೆ ಸೋಲುವವರೆಗೆ ಆ ಪಂದ್ಯಾವಳಿಯಲ್ಲಿ ಅವರು ಆಡಿದ 33 ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲವೆಂಬುದು ಉಲ್ಲೇಖನೀಯ. 1996, 1999 ಮತ್ತು 2000ದಲ್ಲಿ ಫೆಡ್ ಕಪ್ ಗೆದ್ದ ಅಮೆರಿಕ ತಂಡದಲ್ಲಿದ್ದರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಯೆಲೆನಾ ಡೋಕಿಚ್ ಅವರನ್ನು ಸೋಲಿಸಿ ಸಿಂಗಲ್ಸ್ ವಿಭಾಗದ ಕಂಚಿನ ಪದಕವನ್ನು ಪಡೆದರು. 2002ರಲ್ಲಿ ಮ್ಯಾಡ್ರಿಡ್‌ನಲ್ಲಿ ಗೆದ್ದದ್ದು ಅವರ ಕೊನೆಯ ಪ್ರಶಸ್ತಿ.

2003ರ ಫ್ರೆಂಚ್ ಓಪನ್‌ಗೆ ಪಾದದ ಗಾಯದೊಂದಿಗೇ ಬಂದಿದ್ದ ಸೆಲೆಸ್, ಮೊದಲ ಸುತ್ತಿನಲ್ಲಿ ನಾದಿಯಾ ಪೆಟ್ರೋವಾ ಅವರಿಗೆ 4-6, 0-6ರಿಂದ ಸೋತರು. ಗ್ರ್ಯಾಂಡ್ ಸ್ಲಾಮ್ ಒಂದರ ಮೊದಲ ಸುತ್ತಿನಲ್ಲಿ ಅವರು ಸೋತದ್ದು ಅದೊಂದೇ ಬಾರಿ. ಅದೇ ಅವರ ಕೊನೆಯ ಅಧಿಕೃತ ಪಂದ್ಯವೂ ಆಯಿತು. 2005ರಲ್ಲಿ ನ್ಯೂಜಿಲೆಂಡ್‌ನಲ್ಲಿ ನವ್ರಾಟಿಲೋವಾ ಅವರೊಂದಿಗೆ ಪ್ರದರ್ಶನ ಪಂದ್ಯಗಳನ್ನಾಡಿದರಾದರೂ ಪಂದ್ಯಾವಳಿಗಳಿಗೆ ಮರಳಲಿಲ್ಲ. 2008ರ ಫೆಬ್ರವರಿ 14ರಂದು ನಿವೃತ್ತಿಯನ್ನು ಅಧಿಕೃತವಾಗಿ ಪ್ರಕಟಿಸಿದರು.

ದಾಖಲೆಗಳು ಮತ್ತು ಗೌರವಗಳು

ವೃತ್ತಿಜೀವನದಲ್ಲಿ ಸೆಲೆಸ್ 53 ಸಿಂಗಲ್ಸ್ ಮತ್ತು 6 ಡಬಲ್ಸ್ ಪ್ರಶಸ್ತಿಗಳನ್ನು ಗೆದ್ದರು. ಸಿಂಗಲ್ಸ್‌ನಲ್ಲಿ 595 ಪಂದ್ಯಗಳನ್ನು ಗೆದ್ದು 122ರಲ್ಲಿ ಸೋತಿದ್ದಾರೆ. ಒಟ್ಟು 178 ವಾರಗಳ ಕಾಲ ನಂ. 1 ಸ್ಥಾನದಲ್ಲಿದ್ದರು. ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿಗಳಲ್ಲಿ ಆಸ್ಟ್ರೇಲಿಯನ್ ಓಪನ್ 4 (1991, 1992, 1993, 1996), ಫ್ರೆಂಚ್ ಓಪನ್ 3 (1990, 1991, 1992) ಮತ್ತು ಅಮೆರಿಕನ್ ಓಪನ್ 2 (1991, 1992) ಸೇರಿವೆ. ವರ್ಷಾಂತ್ಯದ ಚಾಂಪಿಯನ್‌ಶಿಪ್‌ನ್ನು 1990ರಿಂದ 1992ರವರೆಗೆ ಸತತ ಮೂರು ಬಾರಿ ಗೆದ್ದರು. 17ನೆಯ ವಯಸ್ಸಿನಲ್ಲಿ ನಂ. 1 ಸ್ಥಾನಕ್ಕೇರಿದ ದಾಖಲೆಯನ್ನು 1997ರಲ್ಲಿ, 16ನೆಯ ವಯಸ್ಸಿನಲ್ಲಿ, ಹಿಂಗಿಸ್ ಮುರಿದರು. ಫ್ರೆಂಚ್ ಓಪನ್‌ನ ಅತ್ಯಂತ ಕಿರಿಯ ವಿಜೇತೆ ಎಂಬ ದಾಖಲೆ ಮಾತ್ರ ಸೆಲೆಸ್ ಅವರ ಹೆಸರಿನಲ್ಲಿಯೇ ಇದೆ. 2009ರಲ್ಲಿ ಅಂತರರಾಷ್ಟ್ರೀಯ ಟೆನಿಸ್ ಹಾಲ್ ಆಫ್ ಫೇಮ್‌ಗೆ ಅವರನ್ನು ಸೇರಿಸಲಾಯಿತು.

ಹ್ಯಾಂಬರ್ಗ್ ಘಟನೆಯ ನಂತರ ಟೆನಿಸ್ ಪಂದ್ಯಾವಳಿಗಳ ಭದ್ರತಾ ವ್ಯವಸ್ಥೆ ಬದಲಾಯಿತು. ಆಟಗಾರರು ವಿಶ್ರಾಂತಿಗೆ ಕುಳಿತಾಗ ಅವರ ಹಿಂದೆ ಪ್ರೇಕ್ಷಕರ ಕಡೆಗೆ ಮುಖಮಾಡಿ ನಿಲ್ಲುವ ಭದ್ರತಾ ಸಿಬ್ಬಂದಿಯನ್ನು ಇಂದು ದೂರದರ್ಶನದ ಪ್ರಸಾರದಲ್ಲಿಯೂ ಕಾಣಬಹುದು.

ವೈಯಕ್ತಿಕ ಜೀವನ

ಸೆಲೆಸ್ ತಮ್ಮ ಅನುಭವಗಳನ್ನು ಕುರಿತು 1996 ಹಾಗೂ 2009ರಲ್ಲಿ ಎರಡು ಆತ್ಮಕಥನಗಳನ್ನು ಪ್ರಕಟಿಸಿದ್ದಾರೆ. ಎರಡನೆಯ ಕೃತಿಯಲ್ಲಿ ಆಟದಷ್ಟೇ ಪ್ರಾಮುಖ್ಯ ಆಹಾರದೊಂದಿಗಿನ ಅವರ ಹೋರಾಟಕ್ಕೂ ದೊರೆತಿದೆ. ತೂಕದ ಬಗ್ಗೆ ಪತ್ರಿಕೆಗಳು ಮಾಡುತ್ತಿದ್ದ ಟೀಕೆಗಳು ಹಾಗೂ ಕಟ್ಟುನಿಟ್ಟಾದ ಪಥ್ಯಗಳು ತೊಂದರೆಯನ್ನು ಹೆಚ್ಚಿಸಿದವೇ ಹೊರತು ಕಡಿಮೆ ಮಾಡಲಿಲ್ಲವೆಂದು ಅವರು ವಿವರಿಸಿದ್ದಾರೆ. ಆ ನಂತರ ಅತಿಯಾಗಿ ತಿನ್ನುವ ತೊಂದರೆಯ ಬಗ್ಗೆ ಸಾರ್ವಜನಿಕ ಅರಿವು ಮೂಡಿಸುವ ಕಾರ್ಯದಲ್ಲಿಯೂ ತೊಡಗಿಕೊಂಡರು. 2007ರಲ್ಲಿ ಹಂಗೇರಿಯ ಪೌರತ್ವವನ್ನೂ ಪಡೆದ ಅವರು, 2014ರಲ್ಲಿ ಅಮೆರಿಕದ ಉದ್ಯಮಿ ಟಾಮ್ ಗೊಲಿಸಾನೊ ಅವರನ್ನು ವಿವಾಹವಾದರು.

2025ರ ಆಗಸ್ಟ್‌ನಲ್ಲಿ, ತಮಗೆ ಮಯಸ್ತೀನಿಯಾ ಗ್ರೇವಿಸ್ ಎಂಬ ಕಾಯಿಲೆಯಿರುವುದನ್ನು ಸೆಲೆಸ್ ಬಹಿರಂಗಪಡಿಸಿದರು. ದೇಹದ ರೋಗನಿರೋಧಕ ವ್ಯವಸ್ಥೆಯು ನರ ಮತ್ತು ಸ್ನಾಯುಗಳ ನಡುವಿನ ಸಂಪರ್ಕವನ್ನೇ ಬಾಧಿಸುವುದರಿಂದ ಸ್ನಾಯುಗಳು ಬಲಗುಂದುವುದು ಈ ಕಾಯಿಲೆಯ ಲಕ್ಷಣ. ಟೆನಿಸ್ ಆಡುತ್ತಿದ್ದಾಗ ಒಂದು ಚೆಂಡಿನ ಬದಲು ಎರಡು ಚೆಂಡುಗಳು ಕಾಣಿಸತೊಡಗಿದ್ದು ತಾವು ಗಮನಿಸಿದ ಮೊದಲ ಲಕ್ಷಣಗಳಲ್ಲಿ ಒಂದೆಂದು ಅವರು ತಿಳಿಸಿದ್ದಾರೆ. 2022ರಲ್ಲಿ ರೋಗನಿರ್ಣಯವಾಗಿತ್ತು. ಮೂರು ವರ್ಷಗಳ ನಂತರ, ಅಮೆರಿಕನ್ ಓಪನ್ ಆರಂಭವಾಗುವ ಮುನ್ನ, ಕಾಯಿಲೆಯ ಬಗ್ಗೆ ಜನರಿಗೆ ತಿಳಿವಳಿಕೆ ನೀಡುವ ಉದ್ದೇಶದಿಂದ ಅವರು ಈ ವಿಷಯವನ್ನು ಸಾರ್ವಜನಿಕವಾಗಿ ಹಂಚಿಕೊಂಡರು.